ಚಾವಣಿಯ ಮೇಲಿನ ಹುಸಿ ಬಡಾವಣೆ: ಯುದ್ಧಕಾಲದ ಮರೆಮಾಚುವಿಕೆ ನಿಜಕ್ಕೂ ಯಾರ ಕಣ್ಣಿಗೆ ಮಣ್ಣೆರಚಿತು?

ಬರಿಗಣ್ಣು:

ಅಮೆರಿಕದ ಸಿಯಾಟಲ್‌ನಲ್ಲಿದ್ದ ಬೋಯಿಂಗ್ ಕಂಪನಿಯ 'ಪ್ಲಾಂಟ್ 2' ಕಾರ್ಖಾನೆಯ ಎರಡನೇ ಮಹಾಯುದ್ಧದ ಕಾಲದ ಛಾಯಾಚಿತ್ರವೊಂದನ್ನು ಈಚೆಗೆ ನೋಡಿದೆ. ಮೊದಲ ನೋಟಕ್ಕೆ ಅದು ಸಾಧಾರಣ ಬಡಾವಣೆ: ಬೀದಿ, ಬೇಲಿ, ಇಳಿಜಾರು ಸೂರಿನ ಮನೆಗಳು, ಅಲ್ಲಲ್ಲಿ ಮರ. ಮತ್ತೆ ನೋಡಿದಾಗ ಮಾತ್ರ ಬೀದಿಯಲ್ಲಿ ನಡೆಯುತ್ತಿರುವ ಹೆಂಗಸರ ತಲೆಮಟ್ಟಕ್ಕೇ ಮನೆಗಳ ಸೂರು ಮುಗಿದುಹೋಗುವುದು ಗಮನಕ್ಕೆ ಬರುತ್ತದೆ. ಇಡೀ ಊರು ಕಾರ್ಖಾನೆಯ ಚಾವಣಿಯ ಮೇಲಿದೆ, ಅದರ ಅಡಿಯಲ್ಲಿ ಬಿ-17 ಬಾಂಬರುಗಳು ತಯಾರಾಗುತ್ತಿವೆ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಮೇಲೆ, ಇಪ್ಪತ್ತಕ್ಕೂ ಹೆಚ್ಚು ಎಕರೆ ಹರಡಿದ್ದ ಈ ಹುಸಿ ಊರನ್ನು ರೂಪಿಸಿದವರು ಹಾಲಿವುಡ್ ಚಿತ್ರಗಳಿಗೆ ಕಲಾನಿರ್ದೇಶನ ಮಾಡಿದ್ದ ವಾಸ್ತುಶಿಲ್ಪಿ ಜಾನ್ ಸ್ಟೂವರ್ಟ್ ಡೆಟ್ಲಿ.

ನನ್ನ ಪ್ರಶ್ನೆ ನೇರವಾದದ್ದು. ಜಪಾನಿನ ಬಾಂಬರುಗಳು ಸಿಯಾಟಲ್‌ವರೆಗೆ ಬರಲೇ ಇಲ್ಲ, ಆದ್ದರಿಂದ ಅಲ್ಲಿ ಈ ಏರ್ಪಾಡು ಪರೀಕ್ಷೆಗೇ ಒಳಗಾಗಲಿಲ್ಲ. ಬಾಂಬರುಗಳು ನಿಜಕ್ಕೂ ಬಂದ ಕಡೆಗಳಲ್ಲಿ ಕಾರ್ಖಾನೆ ಮತ್ತು ವಿಮಾನನೆಲೆಗಳನ್ನು ಹೀಗೆ ಮರೆಮಾಚಿದ್ದರಿಂದ ಪ್ರಯೋಜನವಾಯಿತೆ? 'ಅಬ್ಬಾ, ಎಂಥ ಬುದ್ಧಿವಂತಿಕೆ' ಎಂಬ ಉದ್ಗಾರಗಳನ್ನು ಈಗಾಗಲೇ ಬೇಕಾದಷ್ಟು ಓದಿದ್ದೇನೆ. ಕಾರಣ ಸಹಿತ ಬರೆಯುವವರಿದ್ದರೆ ದಯವಿಟ್ಟು ಬರೆಯಿರಿ.

ರಂಗಪರದೆ:

ನಾನು ನಾಟಕಗಳಿಗೆ ಪರದೆ ಬರೆಯುವವನು, ಯುದ್ಧಶಾಸ್ತ್ರ ಓದಿದವನಲ್ಲ. ಆದರೆ ಸೇನೆಯವರು ಚಲನಚಿತ್ರದ ಸೆಟ್ ಕಟ್ಟುವವರನ್ನೇ ಏಕೆ ಹುಡುಕಿಕೊಂಡು ಹೋದರೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪರದೆಯ ಮೇಲಿನ ಅರಮನೆಯನ್ನು ಹತ್ತಿರ ಹೋಗಿ ನೋಡಿದರೆ ಬರೀ ಬಣ್ಣದ ಬಳಿತ. ಅದು ಅರಮನೆಯಾಗುವುದು ಹತ್ತನೇ ಸಾಲಿನಲ್ಲಿ ಕುಳಿತವನಿಗೆ, ನಾವು ಊಹಿಸಿಕೊಂಡ ಬೆಳಕಿನಲ್ಲಿ ಮಾತ್ರ. ನೋಡುವವನು ಎಲ್ಲಿರುತ್ತಾನೆ, ಎಷ್ಟು ಹೊತ್ತು ನೋಡುತ್ತಾನೆ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡು ಆಮೇಲೆ ಕುಂಚ ಹಿಡಿಯುವುದು ನಮ್ಮ ಕಸುಬಿನ ಮೊದಲ ಪಾಠ. ಹೀಗಾಗಿ ಮನೆಗಳು ಗಿಡ್ಡವಾಗಿರುವುದು ಲೋಪವಲ್ಲ. ಮೇಲಿನಿಂದ ನೋಡುವವನಿಗೆ ಸೂರು ಮತ್ತು ಅದರ ನೆರಳು ಕಂಡರೆ ಸಾಕು, ಗೋಡೆಗೆ ಮರ ಖರ್ಚು ಮಾಡುವುದು ದುಂದು.

ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿದ್ದ ಲಾಕ್‌ಹೀಡ್ ಕಾರ್ಖಾನೆಯ ಕೆಲಸ ಇನ್ನೂ ನಾಜೂಕಾದದ್ದು. ಅದರ ಹೊಣೆ ಹೊತ್ತಿದ್ದ ಕರ್ನಲ್ ಜಾನ್ ಓಮರ್ ಪಕ್ಕದ ಸ್ಟುಡಿಯೋಗಳ ಬಡಗಿಗಳು, ಬಣ್ಣದವರು, ಸೆಟ್ ವಿನ್ಯಾಸಕಾರರನ್ನು ಕರೆತಂದರು. ಕಾರ್ಖಾನೆಯನ್ನೂ ವಾಹನ ನಿಲ್ದಾಣವನ್ನೂ ಬಲೆಗಳಿಂದ ಮುಚ್ಚಿ, ಅದರ ಮೇಲೆ ಹಳ್ಳಿಗಾಡಿನ ಉಪನಗರವೊಂದನ್ನು ನಿಲ್ಲಿಸಿದರು. ಕೋಳಿಗೂಡಿನ ತಂತಿಜಾಲರಿಯನ್ನು ಮರದಾಕಾರಕ್ಕೆ ಬಗ್ಗಿಸಿ, ಅಂಟು ಹಚ್ಚಿ, ಕೋಳಿಪುಕ್ಕ ಮೆತ್ತಿ, ಹಸಿರು ಮತ್ತು ಕಂದು ಬಣ್ಣ ಎರಚಿದರೆ ಅದೇ ಮರ. ಪುಕ್ಕವೇ ಏಕೆ? ಎಲೆಗಳ ನಡುವಿನ ಸಣ್ಣಸಣ್ಣ ನೆರಳುಗಳು ಬಣ್ಣದಿಂದ ಬರುವುದಿಲ್ಲ, ನಿಜವಾದ ಒರಟು ಮೈಯಿಂದ ಮಾತ್ರ ಬರುತ್ತವೆ. ನಾವೂ ಪರದೆಗೆ ಹೊಟ್ಟು ಅಂಟಿಸುವುದು ಅದಕ್ಕೇ. ಹುಸಿ ಕಾರುಗಳನ್ನು ಆಗಾಗ ಜಾಗ ಬದಲಿಸಿ ನಿಲ್ಲಿಸುತ್ತಿದ್ದರು. ದಿನವೂ ಒಂದೇ ಜಾಗದಲ್ಲಿ ನಿಂತ ಕಾರು ತಾನೇ ಗುಟ್ಟು ಬಿಟ್ಟುಕೊಡುತ್ತದಲ್ಲ.

ಎತ್ತರಮಾಪಕ:

ಮೂವತ್ತು ವರ್ಷ ವೈಮಾನಿಕ ಛಾಯಾಚಿತ್ರಗಳನ್ನು ಓದುವುದೇ ನನ್ನ ಉದ್ಯೋಗವಾಗಿತ್ತು. 'ನೋಡುವವನು ಎಲ್ಲಿರುತ್ತಾನೆ' ಎಂಬ ರಂಗಪರದೆಯವರ ಮಾತಿಗೆ ಒಂದಿಷ್ಟು ಲೆಕ್ಕ ಸೇರಿಸುತ್ತೇನೆ.

ಬಾಂಬರು ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಗಾಳಿಯ ತಡೆಯನ್ನು ಬದಿಗಿಟ್ಟರೆ ಬಾಂಬು ನೆಲ ಮುಟ್ಟಲು ಸುಮಾರು 30 ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಅದು ವಿಮಾನದ ವೇಗವನ್ನೇ ಹೊತ್ತು ಸುಮಾರು ಎರಡೂವರೆ ಕಿಲೋಮೀಟರ್ ಮುಂದಕ್ಕೆ ಸಾಗಿರುತ್ತದೆ. ಎಂದರೆ ಗುರಿ ಇನ್ನೂ ಎರಡೂವರೆ ಕಿಲೋಮೀಟರ್ ಮುಂದಿರುವಾಗಲೇ ಬಾಂಬನ್ನು ಬಿಡಬೇಕು. ಬಿಡುವ ಮೊದಲು ಗುರಿಯನ್ನು ಸಾಧನದಲ್ಲಿ ಹಿಡಿದು, ವಿಮಾನವನ್ನು ಅಲುಗಾಡದಂತೆ ನೇರವಾಗಿ ಹಾರಿಸಲು ಮತ್ತೆ ಅರ್ಧ ನಿಮಿಷವಾದರೂ ಹೋಗುತ್ತದೆ. ಲೆಕ್ಕ ಕೂಡಿಸಿದರೆ, ಬಾಂಬು ಗುರಿಯಿಡುವವನು ಐದು ಕಿಲೋಮೀಟರ್ ದೂರದಿಂದಲೇ ಕಾರ್ಖಾನೆಯನ್ನು ಗುರುತು ಹಿಡಿದಿರಬೇಕು. ಅದೂ ನೆತ್ತಿಯ ಮೇಲಿನಿಂದ ನೋಡಿ ಅಲ್ಲ, ಓರೆಯಾಗಿ, ಮಬ್ಬಿನ ಮೂಲಕ, ಕೆಳಗಿನಿಂದ ವಿಮಾನನಾಶಕ ಗುಂಡುಗಳು ಸಿಡಿಯುತ್ತಿರುವಾಗ. ಕಾರ್ಖಾನೆಯ ನೆತ್ತಿಗೆ ಬಂದಮೇಲೆ 'ಅಯ್ಯೋ, ಇದೇ ಅದು' ಎಂದು ಹೊಳೆದರೆ ಪ್ರಯೋಜನವಿಲ್ಲ. ತಿರುಗಿ ಮತ್ತೊಂದು ಸುತ್ತು ಬರಬೇಕು, ಅಷ್ಟರಲ್ಲಿ ಬೇಟೆಯಾಡುವವನೇ ಬೇಟೆಯಾಗುತ್ತಾನೆ.

ಆದ್ದರಿಂದ ಕಾರ್ಖಾನೆಯನ್ನು ಕಾಣದಂತೆ ಮಾಡುವುದು ಈ ಕಲೆಯ ಉದ್ದೇಶವಾಗಿರಲೇ ಇಲ್ಲ ಎಂಬುದು ನನ್ನ ತಿಳಿವಳಿಕೆ. ಗುರುತು ಹಿಡಿಯುವುದನ್ನು ಹತ್ತು ಹದಿನೈದು ಸೆಕೆಂಡು ತಡಮಾಡಿದರೆ ಅದರ ಕೆಲಸ ಮುಗಿಯಿತು. ಬೋಯಿಂಗ್ ಚಾವಣಿಯನ್ನು ಛಾಯಾಚಿತ್ರದಲ್ಲಿ ನಿಧಾನವಾಗಿ ನೋಡಿ ನಗುವ ನಮಗೆ ಆ ಅವಸರ ಇರುವುದಿಲ್ಲ.

ವಿಮಾನನೆಲೆಗಳ ವಿಷಯದಲ್ಲಿ ಕಷ್ಟ ಬೇರೆ. ನುಣುಪಾದ ಕಾಂಕ್ರೀಟು ಬೆಳಕನ್ನು ಹಿಂದಕ್ಕೆ ಚೆಲ್ಲುವುದರಿಂದ ರನ್‌ವೇ ಎಷ್ಟೋ ಮೈಲಿ ದೂರದಿಂದ ಬಿಳಿಪಟ್ಟಿಯಂತೆ ಹೊಳೆಯುತ್ತದೆ. ಅದಕ್ಕೆ ಬರೀ ಹಸಿರು ಬಳಿದರೆ ಹೊಳಪು ಹೋಗುವುದಿಲ್ಲ, ಹಸಿರು ಹೊಳಪಾಗುತ್ತದೆ ಅಷ್ಟೆ. ಬ್ರಿಟನ್ನಿನಲ್ಲಿ ರನ್‌ವೇಗಳಿಗೆ ಡಾಂಬರು ಸವರಿ ಮರದ ಚಕ್ಕೆಗಳನ್ನು ಹರಡಿ ಒರಟು ಮಾಡಿದ್ದು ಈ ಕಾರಣಕ್ಕೆ. ಹುಲ್ಲಿನ ಮೈದಾನಗಳ ಮೇಲೆ ಅಕ್ಕಪಕ್ಕದ ಹೊಲಗಳ ಬದುಗಳು ಹಾಗೆಯೇ ಮುಂದುವರಿದಿವೆಯೋ ಎಂಬಂತೆ ಕಪ್ಪುಪಟ್ಟಿಗಳನ್ನು ಎಳೆಯುತ್ತಿದ್ದರು. ಅಂಥ ಮೈದಾನದಲ್ಲಿ ವಿಮಾನ ಇಳಿಸಬೇಕಾದ ತಮ್ಮದೇ ಪೈಲಟ್ಟಿಗೂ ನಿಲ್ದಾಣ ಸಿಗದೆ ಪರದಾಟವಾಗುತ್ತಿತ್ತು.

ಅಡ್ಡಪ್ರಶ್ನೆ:

ಸೆಕೆಂಡುಗಳ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಆ ಲೆಕ್ಕ ಬಾಂಬರಿನವನು ಕಾರ್ಖಾನೆಯನ್ನೇ ಹುಡುಕುತ್ತಿದ್ದಾನೆ ಎಂದುಕೊಂಡಿದೆ. ಅವನು ಹುಡುಕುವುದು ನದಿಯನ್ನು, ರೈಲುಹಳಿಯನ್ನು, ಸೇತುವೆಯನ್ನು. ಪ್ಲಾಂಟ್ 2 ಇದ್ದದ್ದು ದುವಾಮಿಶ್ ನದಿಯ ದಂಡೆಯಲ್ಲಿ, ಪಕ್ಕದಲ್ಲೇ ವಿಮಾನ ನಿಲ್ದಾಣ. ನದಿಯ ತಿರುವನ್ನು ನಕ್ಷೆಯಲ್ಲಿ ಗುರುತಿಟ್ಟುಕೊಂಡು ಬಂದವನಿಗೆ ಚಾವಣಿಯ ಮೇಲೆ ಮನೆಯಿದ್ದರೇನು, ಮಠವಿದ್ದರೇನು?

ಹ್ಯಾಂಬರ್ಗ್‌ನ ಉದಾಹರಣೆಯನ್ನೇ ನೋಡಿ. 1941ರಲ್ಲಿ ಜರ್ಮನರು ನಗರದ ನಡುವಿನ ಒಳ ಆಲ್‌ಸ್ಟರ್ ಕೆರೆಯನ್ನು ತೇಲುವ ಚೌಕಟ್ಟುಗಳಿಂದ ಮುಚ್ಚಿ, ಮೇಲೆ ಬೀದಿ ಮತ್ತು ಕಟ್ಟಡಗಳ ಆಕಾರ ಕೊಟ್ಟರು. ಕೆರೆಯಂಚಿನ ಲೊಂಬಾರ್ಡ್ ಸೇತುವೆಗೆ ಪ್ರತಿಯಾಗಿ ಹೊರ ಆಲ್‌ಸ್ಟರ್‌ನಲ್ಲಿ ಹುಸಿ ಸೇತುವೆಯನ್ನೂ ಕಟ್ಟಿದರು. ನಕ್ಷೆಯನ್ನೇ ಒಂದಿಷ್ಟು ಪಕ್ಕಕ್ಕೆ ಸರಿಸುವ ಇಂಥ ಸಾಹಸವನ್ನು ಮೆಚ್ಚಲೇಬೇಕು. ಆದರೆ ಬ್ರಿಟಿಷರು ಕೆರೆಯ ಹಳೆಯ ಚಿತ್ರ ಮತ್ತು ಹೊಸ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ರಟ್ಟಾಯಿತು. 1943ರ ಜುಲೈನಲ್ಲಿ ಹ್ಯಾಂಬರ್ಗ್ ಬೆಂಕಿಯಲ್ಲಿ ಬೆಂದಾಗ ಈ ಏರ್ಪಾಡು ಯಾರನ್ನೂ ಕಾಪಾಡಲಿಲ್ಲ. ಆ ಹೊತ್ತಿಗೆ ಬಾಂಬರುಗಳ ಹೊಟ್ಟೆಯಲ್ಲಿ ಎಚ್‌2ಎಸ್ ಎಂಬ ರಾಡಾರ್ ಇತ್ತು. ಅದರ ಪರದೆಯ ಮೇಲೆ ನೀರು ಕಪ್ಪಾಗಿಯೂ ಊರು ಬೆಳಕಾಗಿಯೂ ಮೂಡುತ್ತಿದ್ದವು. ಎಲ್ಬ್ ನದಿಯ ಅಳಿವೆಯನ್ನು ಯಾವ ಬಲೆಯಿಂದ ಮುಚ್ಚುತ್ತೀರಿ?

ದುವಾಮಿಶ್ ದಂಡೆ:

ಸಿಯಾಟಲ್‌ಗೆ ಬಂದು ನೆಲೆಸಿದ ಕನ್ನಡಿಗ ನಾನು. ಈ ಚರ್ಚೆಯಲ್ಲಿ ಹೇಳಿದ ಜಾಗದ ಪಕ್ಕದ ರಸ್ತೆಯಲ್ಲೇ ಎಷ್ಟೋ ವರ್ಷ ಓಡಾಡಿದ್ದೇನೆ. ಪ್ಲಾಂಟ್ 2 ಈಗಿಲ್ಲ. ಹುಸಿ ಊರನ್ನು ಯುದ್ಧ ಮುಗಿದ ಮರುವರ್ಷವೇ ಕಿತ್ತುಹಾಕಿದರು, ಕಾರ್ಖಾನೆಯನ್ನು 2010ರಿಂದ ಕೆಡವಿದರು. ನದಿಯಂತೂ ಯಾರ ಹಂಗೂ ಇಲ್ಲದೆ ಹರಿಯುತ್ತಿದೆ, ಅಷ್ಟರ ಮಟ್ಟಿಗೆ ಅಡ್ಡಪ್ರಶ್ನೆಯವರ ವಾದ ಸರಿ.

ಸಣ್ಣ ವಿವರವೊಂದನ್ನು ಸೇರಿಸುತ್ತೇನೆ. ಆ ಹುಸಿ ಊರಿನ ಬೀದಿಗಳ ಮೂಲೆಯಲ್ಲಿ ನಾಮಫಲಕಗಳಿದ್ದವು: ಒಂದು 'ಸಿಂಥೆಟಿಕ್ ಸ್ಟ್ರೀಟ್', ಇನ್ನೊಂದು 'ಬರ್ಲಾಪ್ ಬುಲೆವಾರ್ಡ್'. ಕನ್ನಡದಲ್ಲಿ 'ಕೃತಕ ಬೀದಿ' ಮತ್ತು 'ಗೋಣಿತಟ್ಟಿನ ರಾಜಮಾರ್ಗ' ಎನ್ನಬಹುದು. ಆಕಾಶದಿಂದ ಯಾರೂ ಓದಲಾಗದ ಈ ಫಲಕಗಳನ್ನು ಕೆಲಸಗಾರರು ತಮ್ಮ ನಗೆಗೇ ನೆಟ್ಟಿರಬೇಕು.

ಇರುಳುದೀಪ:

ಇಲ್ಲಿಯವರೆಗಿನ ಚರ್ಚೆಯೆಲ್ಲ ಹಗಲಿನದು, ಬಲೆ ಮತ್ತು ಬಣ್ಣದ್ದು. ನನ್ನ ಮಟ್ಟಿಗೆ ಈ ವಿಷಯದ ಹೂರಣ ಇರುಳಿನಲ್ಲಿದೆ. ಇದ್ದದ್ದನ್ನು ಮುಚ್ಚುವುದಕ್ಕಿಂತ ಇಲ್ಲದ್ದನ್ನು ತೋರಿಸುವುದು ಸುಲಭ ಎಂಬುದನ್ನು ಬ್ರಿಟಿಷರು ಬಲುಬೇಗ ಕಂಡುಕೊಂಡರು.

1939ರಲ್ಲಿ ಅಲ್ಲಿನ ವಾಯುಪಡೆಯ ಸಚಿವಾಲಯ ಈ ಕೆಲಸವನ್ನು ಕರ್ನಲ್ ಜಾನ್ ಟರ್ನರ್ ಎಂಬ ನಿವೃತ್ತ ಎಂಜಿನಿಯರ್ ಅಧಿಕಾರಿಗೆ ಒಪ್ಪಿಸಿತು. ಇಲಾಖೆಗೆ ಹೆಸರೇ ಇಡದೆ 'ಕರ್ನಲ್ ಟರ್ನರ್ ಅವರ ಇಲಾಖೆ' ಎಂದೇ ಕರೆಯುತ್ತಿದ್ದರು. ಅದರ ನೆಲೆ ಶೆಪರ್ಟನ್‌ನ ಚಲನಚಿತ್ರ ಸ್ಟುಡಿಯೋ. ಮೊದಲಿಗೆ ಮಾಡಿದ್ದು 'ಕೆ ತಾಣ'ಗಳು. ನಿಜವಾದ ವಿಮಾನನೆಲೆಯಿಂದ ಕೆಲವು ಮೈಲಿ ದೂರದ ಬಯಲಿನಲ್ಲಿ ಮರ ಮತ್ತು ಬಟ್ಟೆಯ ವಿಮಾನಗಳನ್ನು ನಿಲ್ಲಿಸಿ, ಅಲ್ಲೊಂದು ಪಡೆ ಬೀಡುಬಿಟ್ಟಿದೆ ಎಂದು ತೋರಿಸುವುದು. ಗಾಳಿಮಳೆಗೆ ಬಟ್ಟೆ ಜೋಲುತ್ತಿತ್ತು, ರಿಪೇರಿಗೆ ಜನ ಬೇಕಾಗುತ್ತಿತ್ತು, ನೆಲದ ಮೇಲೆ ನಿಜವಾದ ಚಕ್ರದ ಗುರುತುಗಳಿಲ್ಲದ್ದು ಕ್ಯಾಮೆರಾಗೆ ಸಿಕ್ಕಿಬೀಳುತ್ತಿತ್ತು. ಜರ್ಮನರು ಹಲವನ್ನು ಗುರುತು ಹಿಡಿದರು, ಈ ಪದ್ಧತಿಯನ್ನು ಕ್ರಮೇಣ ಕೈಬಿಡಲಾಯಿತು.

'ಕ್ಯೂ ತಾಣ'ಗಳ ಕಥೆಯೇ ಬೇರೆ. ಅಲ್ಲಿ ವಿಮಾನವೂ ಇಲ್ಲ, ಕಟ್ಟಡವೂ ಇಲ್ಲ. ಕತ್ತಲೆಯ ಹೊಲದಲ್ಲಿ ರನ್‌ವೇಯ ಅಂತರಕ್ಕೆ ನೆಟ್ಟ ದೀಪಗಳ ಸಾಲು, ನೆಲದಡಿಯ ಗೂಡಿನಲ್ಲಿ ಸ್ವಿಚ್ಚಿನ ಮುಂದೆ ಕುಳಿತ ಒಬ್ಬಿಬ್ಬರು. ಶತ್ರುವಿಮಾನದ ಸದ್ದು ಹತ್ತಿರವಾದೊಡನೆ, ಗಾಬರಿಬಿದ್ದವರಂತೆ ದೀಪಗಳನ್ನು ಅರೆಬರೆಯಾಗಿ ಆರಿಸುವುದು ಅವರ ಕೆಲಸ. ನಿಜವಾದ ನೆಲೆಯವರೂ ಹಾಗೆಯೇ ಮಾಡುತ್ತಿದ್ದರಲ್ಲ! ಕೆ ತಾಣಗಳಿಗಿಂತ ಎಷ್ಟೋ ಪಾಲು ಹೆಚ್ಚು ಬಾಂಬುಗಳು ಈ ಬರಿಯ ಹೊಲಗಳ ಮೇಲೆ ಬಿದ್ದವು. ಎಷ್ಟರಮಟ್ಟಿಗೆ ನಂಬಿಸುತ್ತಿದ್ದವೆಂದರೆ ಬ್ರಿಟಿಷ್ ಪೈಲಟ್ಟುಗಳೇ ಅಲ್ಲಿ ಇಳಿಯಲು ಬರುತ್ತಿದ್ದರು, ಅವರನ್ನು ಎಚ್ಚರಿಸಲು ಕೆಂಪು ದೀಪಗಳ ಏರ್ಪಾಡು ಬೇಕಾಯಿತು.

ಇನ್ನು 1940ರ ನವೆಂಬರ್ 14ರ ರಾತ್ರಿ ಇಂಗ್ಲೆಂಡಿನ ಕೊವೆಂಟ್ರಿ ನಗರ ಸುಟ್ಟುಹೋಯಿತು. ಮುಂದೆ ಬಂದ ಆಯ್ದ ಜರ್ಮನ್ ವಿಮಾನಗಳು ಬೆಂಕಿ ಹಚ್ಚುವುದು, ಹಿಂದೆ ಬರುವವರು ಆ ಬೆಂಕಿಯನ್ನೇ ಗುರಿಯಾಗಿಸಿಕೊಂಡು ಬಾಂಬು ಸುರಿಯುವುದು ಆಗಿನ ಕ್ರಮ. ಇದಕ್ಕೆ ಪ್ರತಿಯಾಗಿ ಹುಟ್ಟಿದ್ದೇ 'ಸ್ಟಾರ್‌ಫಿಶ್' ತಾಣಗಳು. ಊರಿನಲ್ಲಿ ಬಿದ್ದ ಮೊದಲ ಬೆಂಕಿಯನ್ನು ಬೇಗ ಆರಿಸಿ, ಹೊರಗಿನ ಬಯಲಿನಲ್ಲಿ ಅದಕ್ಕಿಂತ ದೊಡ್ಡ ಬೆಂಕಿ ಎಬ್ಬಿಸಬೇಕು. ಕಾದ ತಟ್ಟೆಗಳ ಮೇಲೆ ತೊಟ್ಟಿಯಿಂದ ಒಮ್ಮೆ ಎಣ್ಣೆ, ಒಮ್ಮೆ ನೀರು ಸುರಿಯುವಂತೆ ಮಾಡುತ್ತಿದ್ದರು. ಎಣ್ಣೆ ಹೊತ್ತಿ ಉರಿಯುತ್ತಿರುವಾಗ ನೀರು ಬಿದ್ದರೆ ಜ್ವಾಲೆ ಭುಗ್ಗೆಂದು ಮೇಲೇಳುತ್ತದೆ. ಅಡುಗೆಮನೆಯಲ್ಲಿ ಕಾದ ಎಣ್ಣೆಗೆ ನೀರಿನ ಹನಿ ಬಿದ್ದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇಂಥ ತಾಣಗಳು ಕೊನೆಕೊನೆಗೆ ಇನ್ನೂರನ್ನು ಮೀರಿದವು.

ಅಡ್ಡಪ್ರಶ್ನೆ:

ಸ್ವಾರಸ್ಯವಾಗಿದೆ, ಆದರೆ ಒಂದು ಅನುಮಾನ. ಹೊಲದಲ್ಲಿ ಬಾಂಬು ಬಿತ್ತು ಎಂದಮಾತ್ರಕ್ಕೆ ದೀಪವೇ ಅದನ್ನು ಕರೆಯಿತು ಎನ್ನಲಾದೀತೆ? 1941ರ ಆಗಸ್ಟಿನಲ್ಲಿ ಬ್ರಿಟನ್ನಿನ ಬಟ್ ಎಂಬ ಅಧಿಕಾರಿ ತಮ್ಮದೇ ಬಾಂಬರುಗಳು ತೆಗೆದ 600ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಪರಿಶೀಲಿಸಿ ವರದಿ ಕೊಟ್ಟರು. 'ಗುರಿಯ ಮೇಲೆ ದಾಳಿ ಮಾಡಿದೆವು' ಎಂದು ಹೇಳಿಕೊಂಡ ವಿಮಾನಗಳಲ್ಲಿ ಗುರಿಯಿಂದ ಎಂಟು ಕಿಲೋಮೀಟರ್ ಒಳಗೆ ಬಂದಿದ್ದವು ಮೂರರಲ್ಲಿ ಒಂದು ಮಾತ್ರ, ಹೊಗೆ ಮುಸುಕಿದ ರೂರ್ ಎಂಬ ಜರ್ಮನ್ ಕೈಗಾರಿಕಾ ಪ್ರದೇಶದಲ್ಲಿ ಹತ್ತರಲ್ಲಿ ಒಂದು. ಯಾರೂ ಮೋಸ ಮಾಡದಿದ್ದರೂ ಇಷ್ಟು ಗುರಿತಪ್ಪುವವರ ಮುಂದೆ ಹುಸಿ ದೀಪ ಹಚ್ಚಿಟ್ಟವನು, ತಾನಾಗಿ ಬಿದ್ದ ಹಣ್ಣಿಗೆ ತಾನೇ ಕಲ್ಲು ಹೊಡೆದೆ ಎಂದು ಹೇಳಿಕೊಂಡಂತಾಗುವುದಿಲ್ಲವೆ?

ಇರುಳುದೀಪ:

ಒಳ್ಳೆಯ ಪ್ರಶ್ನೆ. ಆದರೆ ಬಟ್ ವರದಿ ಜರ್ಮನಿಯ ಮೇಲೆ ಹಾರಿದ ಬ್ರಿಟಿಷರ ಕುರಿತದ್ದು. ಬ್ರಿಟನ್ನಿಗೆ ಬಂದ ಜರ್ಮನರಿಗೆ ರೇಡಿಯೋ ಕಿರಣಗಳ ಮಾರ್ಗದರ್ಶನವಿತ್ತು, ಅವರು ಅಷ್ಟು ಕುರುಡಾಗಿ ಹಾರುತ್ತಿರಲಿಲ್ಲ. ಮೇಲಾಗಿ ಸುಮ್ಮನೆ ಗುರಿತಪ್ಪಿದ ಬಾಂಬುಗಳು ಸುತ್ತಲ ಸೀಮೆಯಲ್ಲೆಲ್ಲ ಚೆದುರಿ ಬೀಳುತ್ತವೆ, ಒಂದೇ ಕಡೆ ಗುಡ್ಡೆಬೀಳುವುದಿಲ್ಲ. ಗುಂಡಿಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಈ ಎರಡರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 1941ರ ಏಪ್ರಿಲ್ 17ರ ರಾತ್ರಿ ಪೋರ್ಟ್ಸ್‌ಮತ್ ಬಂದರಿಗೆ ಎಂದು ತಂದ ಬಾಂಬುಗಳಲ್ಲಿ ಬಹುಪಾಲು ಪಕ್ಕದ ಹೇಲಿಂಗ್ ದ್ವೀಪದ ಮೇಲೆ ಬಿದ್ದವು. ಅಲ್ಲಿ ಹುಸಿ ಬೆಂಕಿ ಉರಿಯುತ್ತಿತ್ತು.

ಹಾಗೆಂದು ಎಲ್ಲ ಬಾಂಬನ್ನೂ ದೀಪದ ಖಾತೆಗೆ ಬರೆಯುವುದು ತಪ್ಪೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತದೆ. ಹೇಲಿಂಗ್ ದ್ವೀಪ ನಿರ್ಜನವೇನೂ ಆಗಿರಲಿಲ್ಲ. ಹುಸಿ ಬೆಂಕಿ ಬಾಂಬನ್ನು ನುಂಗಿಹಾಕಲಿಲ್ಲ, ಹೆಚ್ಚು ಜನರಿದ್ದ ಕಡೆಯಿಂದ ಕಡಿಮೆ ಜನರಿದ್ದ ಕಡೆಗೆ ತಿರುಗಿಸಿತು. ಆ ಕಡಿಮೆ ಜನರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ಹಗಲುವೇಷ:

ವಿಷಯಾಂತರವೆನಿಸಿದರೆ ಕ್ಷಮಿಸಿ, ಪದಗಳ ಬಗ್ಗೆ ಒಂದು ಮಾತು. ಎರಡು ಬೇರೆ ಕಸುಬುಗಳನ್ನು ನಾವು 'ಮರೆಮಾಚುವಿಕೆ' ಎಂಬ ಒಂದೇ ಚೀಲಕ್ಕೆ ತುಂಬುತ್ತಿದ್ದೇವೆ. ಲಾಕ್‌ಹೀಡ್‌ನವರು ಮಾಡಿದ್ದು ಮರೆಮಾಚುವುದು. ಟರ್ನರ್ ಮಾಡಿದ್ದು ಕಣ್ಕಟ್ಟು. ಕಟ್ಟುತ್ತಿರುವ ಮನೆಯ ಮುಂದೆ ನಾವು ದೃಷ್ಟಿಬೊಂಬೆ ತೂಗುಹಾಕುತ್ತೇವಲ್ಲ, ಮನೆಯನ್ನು ಮುಚ್ಚುವುದು ಅದರ ಕೆಲಸವಲ್ಲ. ನೋಡುವವನ ಮೊದಲ ನೋಟವನ್ನು ತನ್ನ ಮೇಲೆ ಎಳೆದುಕೊಳ್ಳುವುದು. ಕ್ಯೂ ತಾಣಕ್ಕೆ 'ದೃಷ್ಟಿದೀಪ' ಎಂದರೆ ಹೇಗೆ? ಕೆ ತಾಣಕ್ಕಂತೂ ನನ್ನ ಅಡ್ಡಹೆಸರನ್ನೇ ಧಾರಾಳವಾಗಿ ಕೊಡುತ್ತೇನೆ. ನಮ್ಮ ಬಳ್ಳಾರಿ ಕಡೆ ಹಗಲುವೇಷದವರು ಹಾಡುಹಗಲಲ್ಲೇ ವೇಷ ಕಟ್ಟಿ ಬೀದಿಗೆ ಬರುತ್ತಾರೆ, ಹತ್ತಿರದಿಂದ ನೋಡುವವರ ಮುಂದೆ ವೇಷ ನಿಲ್ಲಿಸುವುದು ಎಷ್ಟು ಕಷ್ಟವೆಂದು ಅವರನ್ನೇ ಕೇಳಬೇಕು.

ಎತ್ತರಮಾಪಕ:

'ದೃಷ್ಟಿದೀಪ' ಎಂಬ ಪದ ಬಹಳ ಹಿಡಿಸಿತು. ಈ ವಿಂಗಡಣೆಯಿಂದ ಇನ್ನೊಂದು ಅಂಶವೂ ಸ್ಪಷ್ಟವಾಗುತ್ತದೆ. ಶತ್ರುವಿನ ಕಡೆ ಇಬ್ಬರು ಪ್ರೇಕ್ಷಕರಿದ್ದಾರೆ: ಅವಸರದಲ್ಲಿರುವ ಬಾಂಬರಿನವನು ಒಬ್ಬ, ಸಾವಧಾನವಾಗಿ ಮೇಜಿನ ಮುಂದೆ ಕುಳಿತ ಚಿತ್ರ ಓದುವವನು ಇನ್ನೊಬ್ಬ. ಮೊದಲಿನವನನ್ನು ವಂಚಿಸಬಹುದು, ಎರಡನೆಯವನನ್ನು ಬಹುಕಾಲ ವಂಚಿಸಲಾಗದು.

ಬ್ರಿಟನ್ನಿನ ಮೆಡ್‌ಮೆನ್‌ಹ್ಯಾಮ್ ಕೇಂದ್ರದಲ್ಲಿ ಈ ಎರಡನೆಯ ಬಗೆಯವರು ಇದ್ದರು, ಅವರಲ್ಲಿ ಅನೇಕರು ಮಹಿಳೆಯರು. ವಿಮಾನ ಹಾರುತ್ತಲೇ ಸ್ವಲ್ಪ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪಿನ ಕೆಳಗಿಟ್ಟರೆ ನೆಲ ಉಬ್ಬಿ ಎದ್ದು ನಿಲ್ಲುತ್ತದೆ. ಚಪ್ಪಟೆ ಚಾವಣಿಯ ಮೇಲೆ ಬರೆದ ಮನೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಬಣ್ಣದಲ್ಲಿ ಬರೆದ ನೆರಳು ಇನ್ನೂ ದೊಡ್ಡ ಚಾಡಿಕೋರ: ಬೆಳಗಿನ ಚಿತ್ರದಲ್ಲೂ ಸಂಜೆಯ ಚಿತ್ರದಲ್ಲೂ ಅದು ಒಂದೇ ಕಡೆಗೆ ಚಾಚಿರುತ್ತದೆ, ಪಕ್ಕದ ನಿಜವಾದ ಮರದ ನೆರಳು ಮಾತ್ರ ಸೂರ್ಯನೊಡನೆ ತಿರುಗಿರುತ್ತದೆ. ಬರ್ಬ್ಯಾಂಕ್‌ನವರು ಬಲೆಯನ್ನು ಚಾವಣಿಯ ಅಂಚಿನಿಂದ ನೆಲದವರೆಗೆ ಇಳಿಜಾರಾಗಿ ಎಳೆದದ್ದು ಈ ಕಾರಣದಿಂದಲೇ. ಕಟ್ಟಡಕ್ಕೆ ನೆಟ್ಟಗಿನ ಗೋಡೆಯೇ ಕಾಣದಿದ್ದರೆ ಅದು ನೆರಳು ಬೀಳಿಸುವುದಾದರೂ ಎಲ್ಲಿಂದ?

ಆಮೇಲೆ ಬಂದದ್ದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಡಿಯುವ ಫಿಲ್ಮು. ಜೀವಂತ ಎಲೆ ತನ್ನ ಒಳರಚನೆಯಿಂದಾಗಿ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಹಿಂದಕ್ಕೆಸೆಯುತ್ತದೆ, ಸಾಮಾನ್ಯ ಹಸಿರು ಬಣ್ಣಕ್ಕೆ ಆ ಗುಣವಿಲ್ಲ. ಕೊಡಾಕ್ ಕಂಪನಿ ಯುದ್ಧಕಾಲದಲ್ಲಿ ತಯಾರಿಸಿದ ಫಿಲ್ಮಿನಲ್ಲಿ ನಿಜವಾದ ಕಾಡು ಕೆಂಪಾಗಿಯೂ ಹಸಿರು ಬಳಿದ ಬಲೆ ನೀಲಿಯಾಗಿಯೂ ಕಾಣುತ್ತಿದ್ದವು. ಕಡಿದು ಹೊದಿಸಿದ ಕೊಂಬೆಗಳೂ ಬಾಡಿದಂತೆಲ್ಲ ಬಣ್ಣ ಬದಲಿಸಿ ಗುಟ್ಟು ಬಿಡುತ್ತಿದ್ದವು. ಮುಂದೆ ನಾವು ಉಪಗ್ರಹ ಚಿತ್ರಗಳಲ್ಲಿ ಬೆಳೆಯ ಆರೋಗ್ಯ ಅಳೆಯಲು ಬಳಸಿದ್ದು ಎಲೆಯ ಇದೇ ಗುಣವನ್ನು. ರಾಗಿ ಹೊಲದ ಚಿತ್ರ ನೋಡುವಾಗ ನನಗೆ ಈ ಇತಿಹಾಸ ನೆನಪಾಗುತ್ತಿತ್ತು.

ಜರ್ಮನರ ದೃಷ್ಟಿದೀಪವೊಂದನ್ನೂ ಹೇಳಿಬಿಡುತ್ತೇನೆ. ಎಸೆನ್ ನಗರದ ಕ್ರುಪ್ ಉಕ್ಕಿನ ಕಾರ್ಖಾನೆಯನ್ನು ಉಳಿಸಲು ವೆಲ್ಬರ್ಟ್ ಬಳಿಯ ರಾಟ್‌ಬೆರ್ಗ್ ಗುಡ್ಡದ ಮೇಲೆ 1941ರಲ್ಲಿ ಹುಸಿ ಕ್ರುಪ್ ಕಾರ್ಖಾನೆಯೇ ಎದ್ದಿತು, ಕುಲುಮೆಗಳ ಕೆಂಪು ಬೆಳಕಿನ ಸಮೇತ. ಅದು ಸಾಕಷ್ಟು ಬಾಂಬುಗಳನ್ನು ತನ್ನತ್ತ ಸೆಳೆಯಿತು. 1943ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷರು 'ಓಬೋ' ಎಂಬ ರೇಡಿಯೋ ಸಾಧನದ ಮಾರ್ಗದರ್ಶನದಲ್ಲಿ ಗುರಿಯ ಮೇಲೆ ಬಣ್ಣದ ಗುರುತುಗಳನ್ನು ಹಾಕಿ ಎಸೆನ್ ಮೇಲೆ ದಾಳಿ ಮಾಡಿದ ಮೇಲೆ ಅದರ ಮಾಯೆ ಮುಗಿಯಿತು. ಕಣ್ಣನ್ನೇ ನಂಬದವನ ಮುಂದೆ ಕಣ್ಕಟ್ಟು ನಡೆಯುವುದಿಲ್ಲ.

ಗಡಿನೆಲೆ:

ನಮ್ಮ ದೇಶದ ಅನುಭವವನ್ನು ಯಾರೂ ತರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 1965ರ ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ಮತ್ತು ಮರುದಿನ ಕಲೈಕುಂಡ ನೆಲೆಗಳಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಪಾಕಿಸ್ತಾನದ ದಾಳಿಗೆ ಸಿಕ್ಕಿ ನಾಶವಾದವು. ಅಲ್ಲಿ ಕಲಿತ ಪಾಠ ಬಣ್ಣದ್ದಾಗಿರಲಿಲ್ಲ, ಚೆದುರಿಸಿ ನಿಲ್ಲಿಸುವುದರದ್ದು. 1971ರ ಹೊತ್ತಿಗೆ ವಿಮಾನಗಳು ಒಂದರಿಂದೊಂದು ದೂರದಲ್ಲಿ, ದಪ್ಪ ಗೋಡೆಯ ಗೂಡುಗಳಲ್ಲಿ, ಮೇಲೆ ಬಲೆ ಹೊದ್ದು ನಿಲ್ಲುತ್ತಿದ್ದವು. ಬಲೆ ತಾನೊಂದೇ ಏನೂ ಮಾಡದು, ಅಂತರ ಮತ್ತು ಗೋಡೆಗಳ ಜೊತೆಗೆ ಸೇರಿದಾಗ ಮಾತ್ರ ಅದಕ್ಕೆ ಬೆಲೆ.

ಅದೇ 1971ರ ಡಿಸೆಂಬರಿನಲ್ಲಿ ಭುಜ್ ನೆಲೆಯ ರನ್‌ವೇ ಬಾಂಬಿಗೆ ಛಿದ್ರವಾದಾಗ ಮಾಧಾಪರ ಹಳ್ಳಿಯ ಸುಮಾರು 300 ಹೆಂಗಸರು ಬಂದು 72 ಗಂಟೆಗಳಲ್ಲಿ ಅದನ್ನು ದುರಸ್ತಿ ಮಾಡಿದರು. ನೆಲೆಯ ಹೊಣೆ ಆಗ ಸ್ಕ್ವಾಡ್ರನ್ ಲೀಡರ್ ವಿಜಯ್ ಕಾರ್ಣಿಕ್ ಅವರದು. ಹೆಂಗಸರು ತಿಳಿಹಸಿರು ಸೀರೆ ಉಟ್ಟು ಬಂದರು, ಸೈರನ್ ಕೂಗಿದೊಡನೆ ಓಡಿ ಪೊದೆಗಳ ಮರೆಗೆ ಸೇರುತ್ತಿದ್ದರು. ಹಸಿ ಸಿಮೆಂಟಿನ ಮೇಲೆ ಸೆಗಣಿ ಸಾರಿಸಿ ಅದರ ಬಣ್ಣ ಮುಚ್ಚಿದರು. ಎತ್ತರಮಾಪಕರು ಹೇಳಿದ ಮರದ ಚಕ್ಕೆಯ ಕೆಲಸವನ್ನೇ ಇಲ್ಲಿ ಸೆಗಣಿ ಮಾಡಿತು. ಅಂಗಳ ಸಾರಿಸಿ ಗೊತ್ತಿದ್ದವರಿಗೆ ಅದರ ಮೈ ಹೊಳೆಯುವುದಿಲ್ಲವೆಂದು ಪ್ರಯೋಗಾಲಯ ಹೇಳಿಕೊಡಬೇಕೆ?

ತಾಜಮಹಲಿಗೂ ಆ ಯುದ್ಧದಲ್ಲಿ ಹಸಿರು ಬಟ್ಟೆ ಹೊದಿಸಿದ್ದರು. ಬೆಳದಿಂಗಳಲ್ಲಿ ಬಿಳಿ ಅಮೃತಶಿಲೆ ದಾರಿದೀಪವಾಗುತ್ತದೆಂಬ ಭಯ. ಎರಡನೇ ಮಹಾಯುದ್ಧದಲ್ಲಿ ಕಲ್ಕತ್ತೆಯ ವಿಕ್ಟೋರಿಯಾ ಸ್ಮಾರಕಕ್ಕೆ ಕಪ್ಪು ಮೆತ್ತಿದ್ದೂ ಇದೇ ಭಯದಿಂದ. ಅದೇ ಊರಿನ ರೆಡ್ ರೋಡ್ ಆಗ ಹರಿಕೇನ್ ವಿಮಾನಗಳ ರನ್‌ವೇ ಆಗಿತ್ತು. ನಗರದ ನಡುವಿನ ರಸ್ತೆಯೇ ವಿಮಾನನೆಲೆ ಎಂದರೆ ಅದಕ್ಕಿಂತ ಒಳ್ಳೆಯ ಮರೆ ಯಾವುದು!

ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು. ಅದನ್ನು ಕಾಪಾಡಿದ್ದು ಮುಖ್ಯವಾಗಿ ದೂರ. ಜಪಾನಿನ ಬಾಂಬು 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಿತ್ತು, ದಕ್ಖನ್ನಿನ ಒಳನಾಡಿಗೆ ಬರಲಿಲ್ಲ.

ಗೋಣಿಮಂಡಿ:

'ಗೋಣಿತಟ್ಟಿನ ರಾಜಮಾರ್ಗ'ದ ಹೆಸರು ಕೇಳಿ ನಾನು ಬಾಯಿ ಹಾಕಲೇಬೇಕಾಯಿತು, ನಮ್ಮದು ತಲೆಮಾರುಗಳಿಂದ ಗೋಣಿಚೀಲದ ವ್ಯಾಪಾರ. ಮರೆಬಲೆಗಳಿಗೆ ಸಿಕ್ಕಿಸುತ್ತಿದ್ದ ಬಣ್ಣದ ಪಟ್ಟಿಗಳು ಹೆಚ್ಚಾಗಿ ಸೆಣಬಿನವು. ಆ ಕಾಲದಲ್ಲಿ ಅಮೆರಿಕಕ್ಕೆ ಬರುತ್ತಿದ್ದ ಗೋಣಿತಟ್ಟಿನ ಬಹುಪಾಲು ಹೂಗ್ಲಿ ದಂಡೆಯ ಗಿರಣಿಗಳದ್ದು. ಬಂಗಾಳದ ಗದ್ದೆಯಲ್ಲಿ ಕೊಳೆಹಾಕಿ ಸುಲಿದ ನಾರು ಸಿಯಾಟಲ್‌ನ ಚಾವಣಿಯ ಮೇಲೆ ಹುಲ್ಲುಹಾಸಾಯಿತು. ಜಪಾನಿನ ನೌಕೆಗಳು ಬಂಗಾಳ ಕೊಲ್ಲಿಗೆ ನುಗ್ಗಿದಾಗ ಈ ಸರಕಿನ ಹಡಗುದಾರಿಯೇ ಅಪಾಯಕ್ಕೆ ಸಿಕ್ಕಿತು. ಸೆಣಬಿಗೆ ಇನ್ನೊಂದು ಗುಣವೂ ಇದೆ: ನೂಲು ಒರಟಾದ್ದರಿಂದ ಬಣ್ಣ ಹೀರುತ್ತದೆ, ಆದರೆ ಹೊಳೆಯುವುದಿಲ್ಲ. ಕೆಟ್ಟ ಗುಣವೂ ಇದೆ, ಒಣಗಿದ ಗೋಣಿ ಬೆಂಕಿಗೆ ತುಪ್ಪವಿದ್ದಂತೆ. ಬೆಂಕಿಬಾಂಬಿಗೆ ಹೆದರಿ ಕಾರ್ಖಾನೆಯ ಮೇಲೆ ಎಕರೆಗಟ್ಟಲೆ ಗೋಣಿ ಹೊದಿಸುವವರಿಗೆ ರಾತ್ರಿ ನಿದ್ದೆ ಹೇಗೆ ಬರುತ್ತಿತ್ತೋ!

ರಂಗಪರದೆ:

ಯಾರಾದರೂ 'ಮರದ ಬಾಂಬಿನ' ಕಥೆ ತರುತ್ತಾರೆಂದು ಕಾಯುತ್ತಿದ್ದೆ: ಜರ್ಮನರು ಕಷ್ಟಪಟ್ಟು ಮರದ ವಿಮಾನಗಳ ಹುಸಿ ನಿಲ್ದಾಣ ಕಟ್ಟಿ ಮುಗಿಸಿದ ದಿನ ಬ್ರಿಟಿಷ್ ವಿಮಾನವೊಂದು ಬಂದು ಒಂದೇ ಒಂದು ಮರದ ಬಾಂಬು ಹಾಕಿ ಹೋಯಿತಂತೆ. ಹೇಳಿದವರೆಲ್ಲ ಬೇರೆ ಬೇರೆ ಊರಿನ ಹೆಸರು ಹೇಳುವ ಕಥೆಯಿದು. ನಕ್ಕು ಬಿಡೋಣ. ಕಥೆಯಲ್ಲಿ ಒಂದು ತರ್ಕದೋಷವೂ ಇದೆ. ಹುಸಿ ನಿಲ್ದಾಣವನ್ನು ಗುರುತು ಹಿಡಿದವನು ಅದನ್ನು ಶತ್ರುವಿಗೆ ಏಕೆ ತಿಳಿಸಬೇಕು? ನಂಬಿದವನಂತೆ ನಟಿಸಿದರೆ ಶತ್ರು ಆ ಹುಸಿಯ ಮೇಲೆಯೇ ಹಣ ಸುರಿಯುತ್ತ ಕೂರುತ್ತಾನೆ. ನಾಟಕದವನಾಗಿ ಹೇಳುತ್ತೇನೆ, ಎದುರಾಳಿಯ ಪರದೆ ಹರಿದಿದೆಯೆಂದು ನಾವಾಗಿ ಹೇಳುವುದಿಲ್ಲ.

ಬರಿಗಣ್ಣು:

ಎಲ್ಲರಿಗೂ ವಂದನೆಗಳು. ನನ್ನ ಪ್ರಶ್ನೆಯೇ ಸ್ವಲ್ಪ ತಪ್ಪಾಗಿತ್ತೆಂದು ಈಗ ತೋರುತ್ತದೆ. 'ಯಾರನ್ನು ವಂಚಿಸಿತು' ಎಂದು ಕೇಳಿದ್ದೆ, 'ಎಷ್ಟು ಹೊತ್ತು' ಎಂದು ಕೇಳಬೇಕಿತ್ತು. ಬರ್ಬ್ಯಾಂಕಿನ ಬಲೆಗೆ ಹತ್ತು ಹದಿನೈದು ಸೆಕೆಂಡು ಸಾಕಾಗಿತ್ತು, ವೆಲ್ಬರ್ಟಿನ ಗುಡ್ಡಕ್ಕೆ ಸುಮಾರು ಎರಡು ವರ್ಷ ಸಿಕ್ಕಿತು.

ಅಡ್ಡಪ್ರಶ್ನೆಯವರು ಇದೆಲ್ಲ ರಾಡಾರ್ ಬರುವವರೆಗಿನ ಆಟವೆಂದು ಹೇಳಬಹುದು. ಅವರಿಗಾಗಿ ಒಂದು ಹೊಸ ಸಂಗತಿ: 2023ರಲ್ಲಿ ರಷ್ಯದ ಎಂಗೆಲ್ಸ್ ವಿಮಾನನೆಲೆಯ ಉಪಗ್ರಹ ಚಿತ್ರಗಳಲ್ಲಿ ದೊಡ್ಡ ಬಾಂಬರುಗಳ ರೆಕ್ಕೆಯ ಮೇಲೆಲ್ಲ ಹಳೆಯ ಕಾರು ಟಯರುಗಳು ಸಾಲಾಗಿ ಜೋಡಿಸಿಟ್ಟಿದ್ದು ಕಂಡವು. ಆಕಾರವನ್ನು ಹೋಲಿಸಿ ಗುರಿ ಹಿಡಿಯುವ ಕ್ಷಿಪಣಿಗೆ ವಿಮಾನದ ಅಂಚು ಸರಿಯಾಗಿ ಸಿಗದಿರಲಿ ಎಂಬುದು ಅದರ ಉದ್ದೇಶವೆಂದು ವಿವರಿಸಿದವರಿದ್ದಾರೆ. ಕೋಳಿಪುಕ್ಕದ ಜಾಗಕ್ಕೆ ಟಯರು ಬಂದಿದೆ. ಅವು ಎಷ್ಟು ಸೆಕೆಂಡು ಗಳಿಸಿಕೊಡುತ್ತವೆಂಬ ಲೆಕ್ಕವನ್ನು ಎತ್ತರಮಾಪಕರು ಬಿಡುವಾದಾಗ ಮಾಡಿ ಹೇಳಬೇಕೆಂದು ಕೋರುತ್ತೇನೆ.

ಎತ್ತರಮಾಪಕ:

ಟಯರುಗಳನ್ನು ನಾನೂ ನೋಡಿದೆ. ಆ ಚಿತ್ರ ನಮ್ಮೆಲ್ಲರ ಕಂಪ್ಯೂಟರಿಗೆ ಬಂದು ತಲುಪಿದೆಯೆಂದರೆ ಮೇಜಿನ ಮುಂದೆ ಕುಳಿತವನನ್ನು ಅವು ವಂಚಿಸಲಿಲ್ಲವೆಂಬುದಂತೂ ಖಚಿತ. ಕ್ಷಿಪಣಿಯ ವಿಷಯಕ್ಕೆ ಬೇರೆಯೇ ಲೆಕ್ಕ ಬೇಕು, ಅದು ಮಬ್ಬಿಗೆ ಕಣ್ಣು ಕಿರಿದು ಮಾಡುವುದಿಲ್ಲ, ಗುಂಡಿಗೆ ಹೆದರುವುದಿಲ್ಲ, ಎರಡನೇ ಸುತ್ತು ಬರುವುದೂ ಇಲ್ಲ.